ರೈಟ್ ಇಂಡಿಕೇಟರ್‌ಗೆ ಎರಡು ಅರ್ಥ

ಚಾಲಕರ ನಡವಳಿಕೆ ಅಳೆಯೋದಕ್ಕೆ ಎಷ್ಟೋ ದೇಶಗಳಲ್ಲಿ ಬಳಸುವ ಒಂದು ಪ್ರಶ್ನಾವಳಿ ಇದೆ. ಅದು ಶುರುವಾಗಿದ್ದು ಹೀಗೆ: 1990ರಲ್ಲಿ ಬ್ರಿಟನ್ನಿನ ಮ್ಯಾಂಚೆಸ್ಟರ್‌ನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಮತ್ತವರ ಸಂಗಡಿಗರು 520 ಚಾಲಕರಿಗೆ 50 ಪ್ರಶ್ನೆ ಕೇಳಿದ್ದರು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಸೊನ್ನೆ ಅಂದರೆ ‘ಯಾವತ್ತೂ ಇಲ್ಲ’, ಐದು ಅಂದರೆ ‘ಹೆಚ್ಚುಕಮ್ಮಿ ಯಾವಾಗಲೂ’. ಲೆಕ್ಕ ತಪ್ಪಿ ಆಗುವ ತಪ್ಪೇ ಬೇರೆ, ಗೊತ್ತಿದ್ದೂ ನಿಯಮ ಮುರಿಯುವುದೇ ಬೇರೆ ಅನ್ನೋದು ಅವರು ತೋರಿಸಿಕೊಟ್ಟ ಮುಖ್ಯ ವಿಷಯ. ನನ್ನ ಪಿಎಚ್‌.ಡಿ.ಗೆ ಅದರಿಂದ ಒಂದಷ್ಟು ಪ್ರಶ್ನೆ ಆರಿಸಿ, ಕನ್ನಡಕ್ಕೆ ತಂದು, ಲಾರಿ ಡ್ರೈವರ್‌ಗಳನ್ನು ಕೇಳೋಣ ಅಂತ ಹೊರಟೆ. ಒಂದು ತಿಂಗಳಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ.

ಹೆದ್ದಾರಿ 48ರಲ್ಲಿ ಶಿರಾ ದಾಟಿ ಹಿರಿಯೂರಿನ ಕಡೆ ಹೋಗುವಾಗ ಸಿಗುವ ಒಂದು ಡಾಬಾ. ಪುಣೆ, ಮುಂಬೈ ಲೋಡಿನವರು ಅಲ್ಲಿ ಊಟಕ್ಕೆ ನಿಲ್ಲಿಸುತ್ತಾರೆ. ಮೊದಲ ದಿನ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಹೋದೆ. ಎಲ್ಲ ಪ್ರಶ್ನೆಗೂ ಎಲ್ಲರದೂ ಸೊನ್ನೆ! ಆರ್‌ಟಿಓ ಕಡೆಯವನು ಅಂತ ತಿಳಿದಿದ್ದರು. ಒಬ್ಬರು “ಸ್ಪೀಡಾ? ಯಾವತ್ತೂ ಇಲ್ಲ ಸಾರ್” ಅಂದಾಗ ಹಿಂದೆ ನಿಂತಿದ್ದ ಕ್ಲೀನರ್ ಹುಡುಗ ನಗು ತಡೆಯಲಾಗದೆ ಆ ಕಡೆ ತಿರುಗಿಕೊಂಡ. ಆ ದಿನದ ಹಾಳೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ.

ಇನ್ನೊಂದು ತೊಂದರೆ ನನ್ನ ಕನ್ನಡದ್ದೇ. ‘ಪಾದಚಾರಿಗಳನ್ನು ಗಮನಿಸಲು ವಿಫಲರಾಗಿದ್ದೀರಾ?’ ಅಂತ ಓದಿದರೆ, “ನಾನು ಎಸ್ಸೆಲ್ಸಿ ಫೇಲು ಸಾರ್, ಅದ್ಯಾಕೆ ಈಗ?” ಅಂದರು. ಅದನ್ನು ‘ಅಡ್ಡ ಬಂದೋರು ಕಣ್ಣಿಗೆ ಬೀಳದೇ ಹೋಗಿದ್ದುಂಟಾ?’ ಅಂತ ಬದಲಾಯಿಸಿದೆ. ‘ಅಪರೂಪಕ್ಕೆ’, ‘ಆಗಾಗ’, ‘ಎಷ್ಟೋ ಸಲ’ ಅಂತ ಹೇಳಿದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ನಿಲ್ಲುತ್ತಿರಲಿಲ್ಲ. ಕೊನೆಗೆ ಐದು ಬೆಂಕಿಕಡ್ಡಿ ಟೇಬಲ್ ಮೇಲಿಟ್ಟು, “ಎಷ್ಟು ಅನ್ಸುತ್ತೋ ಅಷ್ಟು ಈ ಕಡೆ ತಳ್ಳಿ ಅಣ್ಣಾ” ಅಂದೆ. ಕೆಲಸ ಆಯಿತು. ಬೆರಳು ಮೂರನೇ ಕಡ್ಡಿ ತನಕ ಬಂದು, ಎರಡಕ್ಕೆ ಹಿಂಜರಿದು, ನನ್ನ ಮುಖ ನೋಡಿ ಮತ್ತೆ ಮೂರಕ್ಕೆ ಬರೋದು. ಆ ತಡವರಿಕೆಯನ್ನು ಬರೆದುಕೊಳ್ಳೋಕೆ ನನ್ನ ಹಾಳೆಯಲ್ಲಿ ಜಾಗ ಇರಲಿಲ್ಲ.

ಸಿಟ್ಟು ತೋರಿಸೋಕೆ ಹಾರ್ನ್ ಹೊಡೀತೀರಾ ಅನ್ನೋ ಪ್ರಶ್ನೆ ಇಲ್ಲಿ ಬದುಕಲೇ ಇಲ್ಲ. ಲಾರಿ ಬೆನ್ನ ಮೇಲೇ ‘ಸೌಂಡ್ ಹಾರ್ನ್’ ಅಂತ ಬರೆಸಿಕೊಂಡವರಿಗೆ ಅದು ಸಿಟ್ಟಲ್ಲ, ಸೌಜನ್ಯ.

ಆದರೆ ನನ್ನನ್ನು ನಿಜವಾಗಿ ಕೂರಿಸಿದ್ದು ಇನ್ನೊಂದು ಪ್ರಶ್ನೆ. ‘ಮುಂದಿನ ಗಾಡಿ ಬಲಕ್ಕೆ ತಿರುಗಲು ಸಿಗ್ನಲ್ ಕೊಟ್ಟಿದ್ದನ್ನು ನೋಡದೆ ಓವರ್‌ಟೇಕ್‌ಗೆ ಹೋಗಿದ್ದೀರಾ?’ ಬ್ರಿಟನ್ನಿನಲ್ಲೂ ನಮ್ಮ ಹಾಗೇ ಎಡಗಡೆ ಓಡಿಸುತ್ತಾರೆ, ಹಾಗಾಗಿ ಪದಕ್ಕೆ ಪದ ಇಳಿಸಿದ್ದೆ. ತಲೆ ನರೆತ ಒಬ್ಬ ಡ್ರೈವರ್ ಟೀ ಲೋಟ ಕೆಳಗಿಟ್ಟರು.

“ನೋಡೇ ಹೋಗ್ತೀವಿ ಸಾರ್. ರೈಟ್ ಇಂಡಿಕೇಟರ್ ಹಾಕಿದ ಅಂದ್ರೆ ಮುಂದೆ ಖಾಲಿ ಐತೆ, ಬಾ ಅಂತ.”

“ಅವನು ನಿಜವಾಗ್ಲೂ ಬಲಕ್ಕೆ ತಿರುಗೋನಾದ್ರೆ?”

“ಆಗಲೂ ರೈಟೇ ಹಾಕ್ತಾನೆ.”

ಎರಡು ಕಡ್ಡಿ ಒಂದರ ಹಿಂದೊಂದು ಇಟ್ಟು ತೋರಿಸಿದರು. ಮುಂದಿನವನು ಸ್ಪೀಡ್ ಇಳಿಸಿದನಾ, ಬಲಗಡೆ ಊರಿನ ದಾರಿ ಇದೆಯಾ, ಇಷ್ಟು ನೋಡಿ ತೀರ್ಮಾನ ಮಾಡಬೇಕಂತೆ, ಅದೂ ಸಿಂಗಲ್ ರೋಡಿನಲ್ಲಿ. ಕಾರಿನವರಿಗೆ ಈ ಭಾಷೆ ಬರಲ್ಲ, ಅಲ್ಲೇ ಎಡವಟ್ಟಾಗೋದು ಅಂದರು. ಇದನ್ನು ತಪ್ಪು ಅನ್ನಲೋ, ಉಲ್ಲಂಘನೆ ಅನ್ನಲೋ? ಎರಡೂ ಅಲ್ಲ ಅಂತ ನನ್ನ ಅಭಿಪ್ರಾಯ. ಮಾರ್ಗದರ್ಶಕರು ಆ ಪ್ರಶ್ನೆ ಕೈಬಿಡು ಅಂದರು. ಬಿಡದೆ, ‘ಬಾ ಅಂತ ರೈಟ್ ಹಾಕ್ತೀರಾ?’, ‘ಬಾ ಅಂದ ಅಂತ ಹೋಗಿ ಸಿಕ್ಕಿಹಾಕಿಕೊಂಡಿದ್ದುಂಟಾ?’ ಅಂತ ಎರಡು ಮಾಡಿದೆ.

ನಿದ್ದೆಯ ಮಾತು ನನ್ನ ಪಟ್ಟಿಯಲ್ಲೇ ಇರಲಿಲ್ಲ. ಆಗ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ ಅನ್ನುತ್ತೆ ಅಂತ ಹೇಳಿದಾಗ ಟೇಬಲ್ ಪೂರ್ತಿ ನಕ್ಕಿತು. ಅದಕ್ಕೇ ಕೊನೆಯಲ್ಲಿ ನಾನೇ ಒಂದು ಪ್ರಶ್ನೆ ಸೇರಿಸಿದೆ: ‘ಓಡಿಸ್ತಾ ಓಡಿಸ್ತಾ ರೆಪ್ಪೆ ಕೂಡಿದ್ದುಂಟಾ?’ ತಲೆ ನರೆತವರು ಐದೂ ಕಡ್ಡಿ ಒಟ್ಟಿಗೆ ತಳ್ಳಿದರು. ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಇನ್ನೊಂದು ಕಡ್ಡಿ ಅದರ ಪಕ್ಕಕ್ಕಿಟ್ಟರು. ಹಾಳೆಯಲ್ಲಿ ಐದು ಅಂತಲೇ ಬರೆದುಕೊಂಡೆ.