ಸ್ವಿಚ್ ಸ್ಟ್ಯಾಕ್ ಮಾಡ್ತೀರಾ? ಕೊನೇ ಕೇಬಲ್ ಮರೀಬೇಡಿ

ಆಫೀಸಲ್ಲಿ ಕಂಪ್ಯೂಟರ್ ಕೇಬಲ್ ಚುಚ್ಚೋಕೆ ಪೋರ್ಟ್ ಸಾಲದೇ ಬಂದಾಗ ಒಂದರ ಮೇಲೊಂದು ನೆಟ್‌ವರ್ಕ್ ಸ್ವಿಚ್ ಪೇರಿಸಿ, ಕೇಬಲ್‌ನಿಂದ ಜೋಡಿಸಿ ಒಂದೇ ಸ್ವಿಚ್ ಥರ ನಡೆಯೋ ಸ್ಟ್ಯಾಕ್ ಮಾಡ್ತೀವಿ, ಮೂರು ಪೆಟ್ಟಿಗೆ ಇದ್ರೂ ಐಪಿ ಒಂದೇ, ಲಾಗಿನ್ ಒಂದೇ. ಕಾನ್ಫಿಗರೇಶನ್‌ಗೆ ತಲೆ ಕೆಡಿಸ್ಕೊಳ್ಳೋರು ಬೇಕಾದಷ್ಟು ಜನ, ರ‍್ಯಾಕ್ ಹಿಂದೆ ಬಗ್ಗಿ ಕೇಬಲ್ ನೋಡೋರು ಕಮ್ಮಿ. ಸಿಸ್ಕೋ ಕಂಪನಿಯ ಕ್ಯಾಟಲಿಸ್ಟ್ 9300 ಸ್ವಿಚ್ ಮೂರು ಇದೆ ಅಂತ ಇಟ್ಕೊಂಡು ಹೇಳ್ತೀನಿ.

ಮೊದ್ಲು ಮೂರರಲ್ಲೂ ಸಾಫ್ಟ್‌ವೇರ್ ವರ್ಷನ್, ಲೈಸೆನ್ಸ್ ಲೆವೆಲ್ ಒಂದೇನಾ ನೋಡ್ಕೊಂಡು, ಪವರ್ ಆಫ್ ಮಾಡಿ. ಹಿಂಬದಿಯಲ್ಲಿ ಸ್ಟ್ಯಾಕ್ ಪೋರ್ಟ್ 1, 2 ಅಂತ ಎರಡಿರುತ್ತೆ. ಮೇಲಿನದರ 1ರಿಂದ ಮಧ್ಯದ್ದರ 2ಕ್ಕೆ, ಮಧ್ಯದ್ದರ 1ರಿಂದ ಕೆಳಗಿನದರ 2ಕ್ಕೆ ಹಾಕಿ. ಇಷ್ಟಕ್ಕೇ ಸ್ಟ್ಯಾಕ್ ಎದ್ದು ನಿಲ್ಲುತ್ತೆ, ಎಲ್ಲಾ ಲೈಟು ಹಸಿರು, ಅಲ್ಲೇ ಮೋಸ ಹೋಗೋದು! ಕೆಳಗಿನದರ 1ರಿಂದ ವಾಪಸ್ ಮೇಲಿನದರ 2ಕ್ಕೆ ಇನ್ನೊಂದು ಕೇಬಲ್ ಬೇಕು, ಆಗ್ಲೇ ರಿಂಗ್ ಪೂರ್ತಿ, ಇಲ್ದಿದ್ರೆ ತುದಿ ಗಂಟು ಹಾಕದ ಹೂವಿನ ಮಾಲೆ ಥರ.

ನಾನೇ ಒಂದ್ಸಲ ಕೇಬಲ್ ಕಮ್ಮಿ ಇದೆ ಅಂತ ಆ ಮೂರನೇದನ್ನ ನಾಳೆ ಹಾಕಿದ್ರಾಯ್ತು ಅಂತ ಬಿಟ್ಟಿದ್ದೆ. ಎಸಿ ರಿಪೇರಿಯವರ ಮೊಣಕೈ ತಾಗಿ ಮಧ್ಯದ ಸ್ವಿಚ್‌ನ ಒಂದು ಕೇಬಲ್ ಸಡಿಲ ಆಯ್ತು, ಸ್ಟ್ಯಾಕ್ ಎರಡು ಹೋಳಾಗಿ ಎರಡೂ ಅದೇ ಐಪಿ ಹಿಡ್ಕೊಂಡು ಕೂತ್ವು, ನಾನು ಲಾಗಿನ್ ಆಗ್ತಿರೋದು ಯಾವುದಕ್ಕೆ ಅಂತ್ಲೇ ಗೊತ್ತಾಗ್ಲಿಲ್ಲ.

ಸಡಿಲ ಆಗೋದಕ್ಕೂ ಕಾರಣ ಇದೆ. ಕನೆಕ್ಟರ್‌ನ ಸಿಸ್ಕೋ ಲೋಗೋ ಮೇಲ್ಮುಖವಾಗಿ ಬರೋ ಹಾಗೆ ನೇರವಾಗಿ ತಳ್ಳಿ, ಪಕ್ಕದ ಎರಡು ಸ್ಕ್ರೂನ ಬೆರಳಲ್ಲೇ ಬಿಗಿಮಾಡಬೇಕು, ತಳ್ಳಿ ಸುಮ್ನೆ ಬಿಡೋದಲ್ಲ. ಕೇಬಲ್ 50 ಸೆಂ.ಮೀ., 1 ಮೀಟರ್, 3 ಮೀಟರ್ ಸಿಗುತ್ತೆ, ಮೂರು ಸ್ವಿಚ್ ಒತ್ತೊತ್ತಾಗಿದ್ರೆ 50 ಸೆಂ.ಮೀ.ದೇ ಸಾಕು. ಎಂಟು ಸ್ವಿಚ್ ಇದ್ರೆ ಒಂದು ಬಿಟ್ಟು ಒಂದಕ್ಕೆ ಹೆಣೀರಿ: 1-3, 3-5, 5-7, ಕೆಳಗೆ 7-8, ಹಿಂದಕ್ಕೆ 8-6, 6-4, 4-2, ಕೊನೆಗೆ 2-1. ಉದ್ದದ ಕೇಬಲ್ ಇಲ್ದೇ ರಿಂಗ್ ಪೂರ್ತಿ ಆಗುತ್ತೆ.

ಇನ್ನು ಇಡೀ ನೆಟ್‌ವರ್ಕ್‌ನ ಮುಖ್ಯ ಸ್ವಿಚ್, ಅಂದ್ರೆ ಕೋರ್ ಸ್ವಿಚ್‌ಗೆ ಹೋಗೋ ಅಪ್‌ಲಿಂಕ್ ಕೇಬಲ್ ಎರಡನ್ನೂ ಒಂದೇ ಸ್ವಿಚ್ಚಿಂದ ತೆಗೀಬೇಡಿ, ಅದು ಸತ್ರೆ ಮಿಕ್ಕ ಎರಡು ಬದುಕಿದ್ದೂ ಪ್ರಯೋಜನ ಇಲ್ಲ. ಮೊದಲನೇದರಿಂದ ಒಂದು, ಮೂರನೇದರಿಂದ ಒಂದು ತಗೊಂಡು ಎಲ್‌ಎಸಿಪಿಯಲ್ಲಿ (ಹಲವು ಲಿಂಕ್‌ನ ಒಂದೇ ಲಿಂಕ್ ಥರ ಕಟ್ಟೋ ಪ್ರೋಟೋಕಾಲ್) ಒಂದೇ ಚಾನೆಲ್ ಮಾಡಿ, ಬರೀ ಎರಡು ಲಿಂಕ್ ಎಳೆದ್ರೆ ನೆಟ್‌ವರ್ಕ್‌ನಲ್ಲಿ ಲೂಪ್ ಆಗದ ಹಾಗೆ ತಡೆಯೋ ಸ್ಪ್ಯಾನಿಂಗ್ ಟ್ರೀ ಒಂದನ್ನ ಬ್ಲಾಕ್ ಮಾಡುತ್ತೆ. ಪವರ್ ಸಪ್ಲೈನೂ ಅಷ್ಟೇ, ಪ್ರತಿ ಸ್ವಿಚ್‌ಗೆ ಎರಡು ಹಾಕಿ ಬೇರೆ ಬೇರೆ ಯುಪಿಎಸ್‌ಗೆ ಕೊಡಿ.

ಯಾವ ಸ್ವಿಚ್ ಆಕ್ಟಿವ್, ಅಂದ್ರೆ ಇಡೀ ಸ್ಟ್ಯಾಕ್ ನಡೆಸೋದು, ಆಗ್ಬೇಕು ಅನ್ನೋದನ್ನ ಅದೃಷ್ಟಕ್ಕೆ ಬಿಡ್ಬೇಡಿ, ಡೀಫಾಲ್ಟ್ ಪ್ರಯಾರಿಟಿ 1, ಗರಿಷ್ಠ 15. ಒಂದಕ್ಕೆ 15, ಅದು ಸತ್ರೆ ಜಾಗ ತಗೊಳ್ಳೋ ಸ್ಟ್ಯಾಂಡ್‌ಬೈಗೆ 14 ಕೊಡಿ. ಮುಂದೆ ಹೊಸ ಸ್ವಿಚ್ ಸೇರಿಸುವಾಗ ಅದನ್ನ ಆಫ್ ಮಾಡಿಯೇ ಕೇಬಲ್ ಹಾಕಿ, ಆನ್ ಇದ್ರೆ ಯಾರು ಆಕ್ಟಿವ್ ಅಂತ ಎರಡೂ ಕಡೆ ಎಲೆಕ್ಷನ್ ನಡೆದು ಸೋತಿದ್ದು ರೀಲೋಡ್ ಆಗುತ್ತೆ, ಅದು ನಿಮ್ಮ ಹಳೇ ಸ್ಟ್ಯಾಕೇ ಆಗಿದ್ರೆ ಮುಗೀತು ಕಥೆ.

ಆನ್ ಆದ್ಮೇಲೆ ‘ಶೋ ಸ್ವಿಚ್ ಸ್ಟ್ಯಾಕ್-ರಿಂಗ್ ಸ್ಪೀಡ್’ ಕಮಾಂಡ್ ಕೊಡಿ. ಫುಲ್ ಅಂದ್ರೆ ಸರಿ, ಹಾಫ್ ಅಂದ್ರೆ ಎಲ್ಲೋ ಒಂದು ಕೇಬಲ್ ಇಲ್ಲ ಅಥವಾ ಸರಿಯಾಗಿ ಕೂತಿಲ್ಲ. ಫುಲ್ ಬಂದ್ರೂ ನಂಬದೇ, ಯಾರೂ ಇಲ್ಲದ ಹೊತ್ತಲ್ಲಿ ಪಿಂಗ್ (ಸಂಪರ್ಕ ಇದೆಯಾ ಅಂತ ತೋರಿಸೋ ಕಮಾಂಡ್) ಓಡಿಸ್ತಾ ಒಂದೊಂದೇ ಸ್ಟ್ಯಾಕ್ ಕೇಬಲ್ ಕಿತ್ತು, ವಾಪಸ್ ಹಾಕಿ, ಮತ್ತೆ ಫುಲ್ ಬಂತಾ ನೋಡಿಯೇ ಮುಂದಿನದಕ್ಕೆ ಕೈ ಹಾಕಿ. ಎರಡೂ ತುದಿಗೆ ಲೇಬಲ್ ಅಂಟಿಸಿ, ಎಸಿಯವರು ಬರೋ ದಿನ ರ‍್ಯಾಕ್‌ಗೆ ಬೀಗ ಹಾಕಿ.