ಬ್ಯಾಕ್ಟೀರಿಯಾದೊಳಗೆ ಮಲಗಿದ ವೈರಸ್ಸನ್ನು ಹುಡುಕುವುದು ಹೇಗೆ

ಇದಕ್ಕೆ ಲ್ಯಾಬ್ ಬೇಡ. ನಾನು ಕಲಿತದ್ದು ಬದಿಯಡ್ಕದ ಮನೆಯ ಚಾವಡಿಯಲ್ಲಿ, ಹಳೇ ಲ್ಯಾಪ್‌ಟಾಪಿನಲ್ಲಿ. ಮಳೆಗಾಲವಾದರೆ ಕರೆಂಟು ಹೋಗುವ ಮೊದಲೇ ಬ್ಯಾಕ್ಟೀರಿಯಾದ ಡಿಎನ್‌ಎ ಮಾಹಿತಿಯ ಫೈಲ್ ಇಳಿಸಿಟ್ಟುಕೊಳ್ಳಿ, ಅಷ್ಟೇ.

ಬ್ಯಾಕ್ಟೀರಿಯಾಕ್ಕೆ ತಗಲುವ ವೈರಸ್ಸೇ ಫೇಜ್. ಕೆಲವು ಫೇಜ್‌ಗಳು ಕೂಡಲೇ ಕೊಲ್ಲುವುದಿಲ್ಲ, ಬ್ಯಾಕ್ಟೀರಿಯಾದ ಡಿಎನ್‌ಎ ನಡುವೆ ತಮ್ಮದನ್ನು ತೂರಿಸಿ ಸುಮ್ನೆ ಮಲಗುತ್ತವೆ. ಆಗ ಅದಕ್ಕೆ ಪ್ರೊಫೇಜ್ ಅಂತ ಹೆಸರು. ಮಲಗಿದ್ದರೂ ಕಿತಾಪತಿ ಜಾಸ್ತಿ. ಕಾಲರಾ ವಿಷದ ಜೀನ್ ಇರುವುದು ಇಂಥದ್ದೊಂದು ಫೇಜ್‌ನಲ್ಲಿ ಅಂತ 1996ರಲ್ಲಿ ವಾಲ್ಡೋರ್ ಮತ್ತು ಮೆಕಲಾನೋಸ್ ತೋರಿಸಿದರು.

ಅಭ್ಯಾಸಕ್ಕೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಎನ್‌ಸಿಟಿಸಿ 8325 ತಳಿ ಒಳ್ಳೆಯದು. ಸುಮಾರು 28 ಲಕ್ಷ ಅಕ್ಷರದ (ಡಿಎನ್‌ಎಯ ಎ, ಟಿ, ಜಿ, ಸಿಗಳೇ ಇಲ್ಲಿ ಅಕ್ಷರ) ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, ಎನ್‌ಸಿಬಿಐ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಮೂರು ಪ್ರೊಫೇಜ್ ಇವೆ ಅಂತ ಮೊದಲೇ ಗೊತ್ತು, ಹಾಗಾಗಿ ನೀವು ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಆ ಅಕ್ಷರಗಳಿರುವ ಫಾಸ್ಟಾ ಫೈಲನ್ನು ಪ್ರೊಫೇಜ್ ಹುಡುಕಿಕೊಡುವ ಫಾಸ್ಟರ್ ಎಂಬ ಜಾಲತಾಣಕ್ಕೆ ಅಥವಾ ಅದರ ಹೊಸ ರೂಪ ಫಾಸ್ಟೆಸ್ಟ್‌ಗೆ ಹಾಕಿ (ಈ ಹೆಸರುಗಳನ್ನು ಇಟ್ಟವರಿಗೆ ನಮಸ್ಕಾರ). ಫಾಸ್ಟರ್‌ನಲ್ಲಿ ಅಂಕ 90 ದಾಟಿದರೆ ಇಡಿಯಾದ ಪ್ರೊಫೇಜ್, 70ರಿಂದ 90ರ ಒಳಗಾದರೆ ಅನುಮಾನ, ಅದಕ್ಕಿಂತ ಕಡಿಮೆಯಾದರೆ ಚೂರುಪಾರು. ತುಂಬಾ ಜನ ಇಲ್ಲಿಗೇ ಕಂಪ್ಯೂಟರ್ ಮುಚ್ಚುತ್ತಾರೆ. ನನ್ನ ಪ್ರಕಾರ ಕೆಲಸ ಶುರುವಾಗುವುದೇ ಇಲ್ಲಿಂದ, ಯಾಕೆಂದರೆ ಪ್ರೊಫೇಜ್ ಎಲ್ಲಿ ಶುರು, ಎಲ್ಲಿ ಮುಗಿತು ಅನ್ನುವುದರಲ್ಲಿ ಸಾಫ್ಟ್‌ವೇರ್ ಆಗಾಗ ಎಡವುತ್ತದೆ. ತುದಿಗಳನ್ನು ಕಣ್ಣಿಟ್ಟು ನೋಡಬೇಕು.

ಆ ಮೂರರಲ್ಲಿ ಫೈ 13 ಎಂಬ ಪ್ರೊಫೇಜನ್ನೇ ನೋಡಿ. ಬೀಟಾ ಹೀಮೋಲೈಸಿನ್ ಎಂಬ ವಿಷ ಮಾಡುವ ಬ್ಯಾಕ್ಟೀರಿಯಾದ ಜೀನನ್ನು ಹುಡುಕಿದರೆ ಅರ್ಧ ಒಂದು ಕಡೆ, ಉಳಿದರ್ಧ 40 ಸಾವಿರಕ್ಕೂ ಹೆಚ್ಚು ಅಕ್ಷರ ದಾಟಿ ಆಚೆ! ಹೈವೇ ಅಗಲ ಮಾಡುವಾಗ ಕುಂಬಳೆ ಕಡೆ ತೋಟ ಎರಡು ತುಂಡಾಗುವ ಹಾಗೆ. ತುಂಡಾದ ಎರಡೂ ಜಾಗದಲ್ಲಿ ಅದೇ 14 ಅಕ್ಷರ ಇರುತ್ತವೆ, ಅದೇ ನಿಮ್ಮ ಗಡಿಕಲ್ಲು. ಒಳಗಿನ ಜೀನ್‌ಗಳನ್ನೂ ಒಂದೊಂದಾಗಿ ಓದಿ: ಒಂದು ತುದಿಯ ಹತ್ತಿರ ಫೇಜ್‌ನ ಡಿಎನ್‌ಎಯನ್ನು ಒಳಗೆ ತೂರಿಸುವ ಇಂಟಿಗ್ರೇಸ್, ಮಧ್ಯೆ ಫೇಜ್‌ನ ತಲೆ ಬಾಲ ಕಟ್ಟುವ ಜೀನ್‌ಗಳು, ಇನ್ನೊಂದು ತುದಿಯಲ್ಲಿ ನಮ್ಮ ರೋಗನಿರೋಧಕ ಶಕ್ತಿಯ ಕಣ್ಣು ತಪ್ಪಿಸಲು ಬ್ಯಾಕ್ಟೀರಿಯಾಕ್ಕೆ ನೆರವಾಗುವ ಸ್ಟ್ಯಾಫಿಲೋಕೈನೇಸ್‌ನಂಥವು.

ಇಂಟಿಗ್ರೇಸ್ ಕಾಣದಿದ್ದರೆ ಪ್ರೊಫೇಜ್ ಅಲ್ಲ ಅಂತ ಬರೆದುಬಿಡಬೇಡಿ. ನಾನು ಬರೆದು ಬೈಸಿಕೊಂಡಿದ್ದೇನೆ. ಆ ಕಾಲರಾ ಫೇಜ್‌ಗೆ ಸ್ವಂತ ಇಂಟಿಗ್ರೇಸೇ ಇಲ್ಲ, ಬ್ಯಾಕ್ಟೀರಿಯಾದ್ದೇ ಎಕ್ಸ್‌ಇಆರ್‌ಸಿ, ಎಕ್ಸ್‌ಇಆರ್‌ಡಿ ಪ್ರೋಟೀನ್ ಬಳಸಿ ಒಳಗೆ ಹೋಗುತ್ತದೆ. ಗಾತ್ರವೂ ಬರೀ 7 ಸಾವಿರ ಅಕ್ಷರದಷ್ಟು, ಕಣ್ಣಿಗೆ ಬೀಳದಿದ್ದರೆ ಆಶ್ಚರ್ಯವಿಲ್ಲ, ಅಲ್ವಾ?

ನಿಮ್ಮದೇ ಸ್ಯಾಂಪಲ್ ಆದರೆ ಜೋಡಣೆಯ ಕಡೆ ಗಮನ ಕೊಡಿ, ಅಂದರೆ ಯಂತ್ರ ತುಂಡುತುಂಡಾಗಿ ಓದಿಕೊಟ್ಟ ಡಿಎನ್‌ಎಯನ್ನು ಒಂದು ಮಾಡುವ ಕಡೆ. ಇ. ಕೋಲಿ ಒ157 ಸಕಾಯ್ ತಳಿಯಲ್ಲಿ 18 ಪ್ರೊಫೇಜ್ ಇವೆ, ಹಲವು ಒಂದಕ್ಕೊಂದು ಅಣ್ಣತಮ್ಮಂದಿರಂತೆ. ಚಿಕ್ಕ ಚಿಕ್ಕ ಓದುಗಳಿಂದ ಜೋಡಿಸಿದರೆ ಇವು ಕಲಸಿಹೋಗಿ ಕಾಂಟಿಗ್ (ಜೋಡಿಸಿ ಬಂದ ಉದ್ದ ತುಣುಕು) ಅಲ್ಲೇ ತುಂಡಾಗುತ್ತದೆ. ಉದ್ದ ಓದು ಕೊಡುವ ನ್ಯಾನೋಪೋರ್ ಅಥವಾ ಪ್ಯಾಕ್‌ಬಯೋ ಯಂತ್ರ ಇದ್ದರೆ ಈ ತಲೆನೋವು ಕಡಿಮೆ.

ಫಾಸ್ಟರ್ ಅಂಕ 90 ದಾಟಿದ ಮಾತ್ರಕ್ಕೆ ಮಲಗಿದ ಪ್ರೊಫೇಜ್ ಏಳುತ್ತದೆ ಅಂತಲೂ ಅಲ್ಲ. ಡಿಎನ್‌ಎಗೆ ಪೆಟ್ಟು ಕೊಡುವ ಮೈಟೋಮೈಸಿನ್ ಸಿ ಎಂಬ ಔಷಧ ಹಾಕಿ ಎಬ್ಬಿಸಿ ನೋಡಬೇಕು. ಅದಕ್ಕೆ ಮಾತ್ರ ಸರಿಯಾದ ಲ್ಯಾಬೇ ಬೇಕು, ಚಾವಡಿ ಸಾಲದು.