ತೋಟದ ಮಳೆ ಲೆಕ್ಕ ಅಳಿಸಿ ಹೋಗದ ಹಾಗೆ ನಾನು ಮಾಡಿಕೊಂಡ ಏರ್ಪಾಡು

ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟ್‌ ಲೆಕ್ಕದಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ಈ ಲೆಕ್ಕ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಯಾವಾಗ ಬಿತ್ತು, ಅದಾದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಬಂತಾ ಇಲ್ವಾ, ಆ ವರ್ಷ ಫಸಲು ಹೇಗಾಯಿತು, ಎಲ್ಲವೂ ಆ ಪುಸ್ತಕಗಳಲ್ಲಿದೆ. ಗುಡ್ಡದ ಆಚೆ ಸುರಿದ ಮಳೆ ಈಚೆ ಸುರಿಯುವುದಿಲ್ಲ. ಹಾಗಾಗಿ ನಮ್ಮ ಜಾಗದ ಲೆಕ್ಕವನ್ನು ಬೇರೆ ಯಾರೂ ನಮಗೆ ಕೊಡಲಾರರು.

ಮಲೆನಾಡಿನ ತೇವಕ್ಕೆ ಕಾಗದ ಬಾಳುವುದಿಲ್ಲ. ಕೆಲವು ಪುಸ್ತಕಗಳಿಗೆ ಗೆದ್ದಲು ಹಿಡಿದಿತ್ತು. ಎಲ್ಲವನ್ನೂ ಸ್ಕ್ಯಾನ್ ಮಾಡಿ ತೋಟದ ಆಫೀಸಿನ ಕಂಪ್ಯೂಟರಿಗೆ ಹಾಕಿದೆವು. ಅದರಲ್ಲಿ ಇರುವುದು ಉಬುಂಟು, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಬಗೆ. ಈಗಿನ ಮಳೆಯನ್ನೂ ಅದರಲ್ಲೇ ಬರೆಯುತ್ತೇವೆ. ಆದರೆ ಆ ಕಂಪ್ಯೂಟರಿನಲ್ಲಿ ನಾನು ಕೂರುತ್ತೇನೆ, ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಕೂರುತ್ತಾರೆ, ರಜೆಗೆ ಬಂದ ಮಕ್ಕಳೂ ಕೂರುತ್ತಾರೆ. ಎಲ್ಲರಿಗೂ ಒಂದೇ ಲಾಗಿನ್. ಡಿಸ್ಕ್ ತುಂಬಿದೆ ಅಂತ ಬಂದರೆ ಯಾರಾದರೂ ದೊಡ್ಡ ಫೋಲ್ಡರ್ ನೋಡಿ ಅಳಿಸಿಯಾರು. ಅವರ ತಪ್ಪೂ ಅಲ್ಲ, ಅಲ್ವಾ? ಆ ಫೋಲ್ಡರಿನ ಬೆಲೆ ನೋಡಿದ ಕೂಡಲೇ ಗೊತ್ತಾಗುವಂಥದ್ದಲ್ಲ.

ಇಂಥ ಕಡೆ ಮೊದಲು ಎಲ್ಲರಿಗೂ ಹೊಳೆಯುವುದು ಫೈಲನ್ನು ರೀಡ್ ಓನ್ಲಿ ಮಾಡುವುದು. ಲಿನಕ್ಸಿನಲ್ಲಿ ಅದು ಸಾಲದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎಷ್ಟೋ ವರ್ಷ ಲಿನಕ್ಸ್ ಬಳಸಿದವರೂ ಇಲ್ಲಿ ಮೋಸ ಹೋಗುತ್ತಾರೆ. ಫೈಲಿನ ಹೆಸರು ಇರುವುದು ಫೈಲಿನೊಳಗಲ್ಲ, ಅದು ಇರುವ ಫೋಲ್ಡರಿನಲ್ಲಿ. ಅಳಿಸುವುದು ಅಂದರೆ ಫೋಲ್ಡರಿನ ಪಟ್ಟಿಯಿಂದ ಆ ಹೆಸರನ್ನು ತೆಗೆಯುವುದು. ಹಾಗಾಗಿ ಅಳಿಸಲು ಬೇಕಾದ ಅನುಮತಿ ಫೋಲ್ಡರಿನದ್ದು. ಫೈಲಿನ ಮೇಲೆ ಬರೆಯುವ ಅನುಮತಿ ಇಲ್ಲದಿದ್ದರೂ ಫೋಲ್ಡರಿನ ಮೇಲೆ ಇದ್ದರೆ ಸಾಕು, ಫೈಲ್ ಹೋಗುತ್ತದೆ. ಆರ್‌ಎಂ ಎಂಬ ಅಳಿಸುವ ಕಮಾಂಡ್ 'ಅಳಿಸಲಾ' ಅಂತ ಒಮ್ಮೆ ಕೇಳುತ್ತದೆ ನಿಜ. ಜೊತೆಗೆ ಎಫ್ ಅಂತ ಹಾಕಿದರೆ ಅದನ್ನೂ ಕೇಳುವುದಿಲ್ಲ. ಇನ್ನು ಕಮಾಂಡಿಗೆ ಮೊದಲು ಸುಡೋ ಹಾಕಿ ರೂಟ್, ಅಂದರೆ ಸಿಸ್ಟಮ್ಮಿನ ಪೂರ್ಣ ಅಧಿಕಾರದ ಬಳಕೆದಾರ, ಆಗಿ ನಡೆಸಿದರೆ ಮಾಮೂಲಿ ಅನುಮತಿಗಳು ಯಾವುವೂ ಲೆಕ್ಕಕ್ಕಿಲ್ಲ.

ನಾನು ಬಳಸಿದ್ದು ಚಾಟರ್ ಕಮಾಂಡ್. ಇಂಗ್ಲಿಷ್ ಅಕ್ಷರಗಳಲ್ಲಿ ಸಿ, ಎಚ್, ಎ, ಟಿ, ಟಿ, ಆರ್ ಅಂತ ಟೈಪ್ ಮಾಡಬೇಕು. ಇದು ಫೈಲ್‌ಸಿಸ್ಟಮ್ ಮಟ್ಟದಲ್ಲೇ, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಯಲ್ಲೇ, ಫೈಲಿಗೆ ಒಂದು ಗುರುತು ಹಾಕುತ್ತದೆ. ಎಕ್ಸ್ಟ್4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಎಂಬ ಮೂರು ಫೈಲ್‌ಸಿಸ್ಟಮ್‌ಗಳಲ್ಲೂ ನಡೆಯುತ್ತದೆ. ನನಗೆ ಬೇಕಾದ ಗುರುತುಗಳು ಎರಡೇ.

ಒಂದು, ಐ. 'ಸುಡೋ ಚಾಟರ್ +ಐ' ಅಂತ ಬರೆದು ಫೈಲಿನ ಹೆಸರು ಕೊಟ್ಟರೆ ಆ ಫೈಲನ್ನು ತಿದ್ದಲು ಆಗುವುದಿಲ್ಲ, ಅಳಿಸಲು ಆಗುವುದಿಲ್ಲ, ಹೆಸರು ಬದಲಿಸಲೂ ಆಗುವುದಿಲ್ಲ. ರೂಟ್ ಬಂದರೂ ಅಷ್ಟೇ. ಮೊದಲು 'ಚಾಟರ್ -ಐ' ಹಾಕಿ ಗುರುತು ತೆಗೆಯಬೇಕು, ಆಮೇಲೆ ಉಳಿದದ್ದು. ಆ ಒಂದು ಹೆಚ್ಚಿನ ಹೆಜ್ಜೆಯೇ ಇಲ್ಲಿ ಕಾಪಾಡುವುದು. ಕೈತಪ್ಪಿ ಯಾರೂ ಎರಡು ಕಮಾಂಡ್ ಕೊಡುವುದಿಲ್ಲ. ಸ್ಕ್ಯಾನ್ ಮಾಡಿದ ಹಳೆ ಪುಸ್ತಕಗಳಿಗೆ ಇದನ್ನೇ ಹಾಕಿದೆ. ದೊಡ್ಡಕ್ಷರದ ಆರ್ ಸೇರಿಸಿದರೆ ಫೋಲ್ಡರ್, ಒಳಗಿನ ಫೋಲ್ಡರ್, ಫೈಲ್ ಎಲ್ಲಕ್ಕೂ ಒಂದೇ ಸಲಕ್ಕೆ ಬೀಳುತ್ತದೆ. ಫೋಲ್ಡರಿಗೆ ಮಾತ್ರ ಹಾಕಿ ಬಿಡಬೇಡಿ. ಆಗ ಒಳಗಿನ ಹೆಸರುಗಳು ಉಳಿಯುತ್ತವೆ, ಆದರೆ ಫೈಲನ್ನು ತೆರೆದು ಒಳಗಿರುವುದನ್ನು ಬದಲಿಸಬಹುದು.

ಇನ್ನೊಂದು, ಎ. ನನಗೆ ತುಂಬಾ ಇಷ್ಟವಾದದ್ದು ಇದೇ. ಈ ಗುರುತು ಇರುವ ಫೈಲಿನ ಕೊನೆಗೆ ಹೊಸ ಸಾಲು ಸೇರಿಸಬಹುದು, ಅಷ್ಟು ಮಾತ್ರ. ಹಿಂದಿನ ಸಾಲನ್ನು ಯಾರೂ ಮುಟ್ಟಲಾರರು. ಮಳೆ ಲೆಕ್ಕಕ್ಕೆ ಬೇಕಾಗಿರುವುದೂ ಅದೇ ತಾನೇ? ನಿನ್ನೆ ಬಿದ್ದ ಮಳೆ ಇವತ್ತು ಬದಲಾಗುವುದಿಲ್ಲ.

ಆದರೆ ಎ ಹಾಕಿದ ಫೈಲನ್ನು ಮಾಮೂಲಿ ಎಡಿಟರಿನಲ್ಲಿ ತೆರೆದು ಸೇವ್ ಕೊಟ್ಟರೆ ಆಗುವುದಿಲ್ಲ. ಹೆಚ್ಚಿನ ಎಡಿಟರುಗಳು ಇಡೀ ಫೈಲನ್ನು ಹೊಸದಾಗಿ ಬರೆಯುತ್ತವೆ. ಅದಕ್ಕೆ ಡೆಸ್ಕ್‌ಟಾಪಿನ ಮೇಲೆ ಒಂದು ಚಿಕ್ಕ ಸ್ಕ್ರಿಪ್ಟ್ ಇಟ್ಟೆ. ಕ್ಲಿಕ್ ಮಾಡಿದರೆ ಎಷ್ಟು ಸೆಂಟ್ ಅಂತ ಕೇಳುತ್ತದೆ. ಸಂಖ್ಯೆ ಕೊಟ್ಟರೆ ತಾರೀಕಿನ ಜೊತೆ ಕೊನೆಯ ಸಾಲಾಗಿ ಸೇರಿಸುತ್ತದೆ. ಒಳಗೆ ಇರುವುದು ಕೊಟ್ಟದ್ದನ್ನು ಬರೆಯುವ ಎಕೋ ಕಮಾಂಡ್, ಅದರ ನಂತರ ಎರಡು ಬಾಣದ ಗುರುತು (>>). ಒಂದೇ ಬಾಣ ಹಾಕಿದರೆ ಫೈಲನ್ನು ಖಾಲಿ ಮಾಡಿ ಬರೆಯಲು ಹೋಗುತ್ತದೆ, ಸಿಸ್ಟಮ್ ಬಿಡುವುದಿಲ್ಲ.

ರೈಟರ್ ಕೇಳಿದರು, "ಸಾರ್, ಐವತ್ತು ಸೆಂಟ್ ಬದಲು ಐದು ಅಂತ ಹೊಡೆದ್ರೆ ಏನ್ ಮಾಡ್ಲಿ?"

"ಅಳಿಸೋಕೆ ಹೋಗಬೇಡಿ. ಕೆಳಗೆ ಇನ್ನೊಂದು ಸಾಲು ಹಾಕಿ, ತಿದ್ದುಪಡಿ ಅಂತ ಬರೀರಿ," ಅಂದೆ.

ಅವರಿಗೆ ಇದು ಹೊಸದೇನಲ್ಲ. ಆಳುಗಳ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ತಪ್ಪಾದರೆ ಗೀಟು ಹೊಡೆದು ಪಕ್ಕದಲ್ಲಿ ಸರಿ ಬರೆದು ಸಹಿ ಹಾಕುತ್ತಾರೆ, ಹಾಳೆ ಹರಿಯುವುದಿಲ್ಲ.

ಹೊಸದಾಗಿ ಸ್ಕ್ಯಾನ್ ಆದ ಪುಟಗಳು ಬಂದು ಬೀಳುವ ಫೋಲ್ಡರಿಗೂ ಎ ಗುರುತನ್ನೇ ಹಾಕಿದ್ದೇನೆ. ಫೋಲ್ಡರಿಗೆ ಹಾಕಿದಾಗ ಅದರ ಅರ್ಥ, ಹೊಸ ಫೈಲ್ ಬರಬಹುದು, ಇದ್ದದ್ದು ಹೋಗಬಾರದು. ಒಂದು ಪುಸ್ತಕ ಮುಗಿದ ಮೇಲೆ ಆ ಫೈಲುಗಳಿಗೆ ಐ ಬೀಳುತ್ತದೆ.

ಇನ್ನೊಂದು ವಿಷಯ ಎಲ್ಲೂ ಜಾಸ್ತಿ ಹೇಳುವುದಿಲ್ಲ. ಪ್ರಯೋಗಕ್ಕೆ ಅಂತ ಮಾಡಿದ ಫೋಲ್ಡರಿನಲ್ಲಿ ಇದನ್ನು ನೋಡಿದೆ. ಒಳಗಿನ ಫೋಲ್ಡರಿಗೆ ಈ ಗುರುತಿನ ಬೀಗ ಇದ್ದರೂ ಅದರ ಮೇಲಿನ ಫೋಲ್ಡರಿಗೆ ಇಲ್ಲದಿದ್ದರೆ, ಮೇಲಿನದನ್ನು ಎಳೆದು ಟ್ರ್ಯಾಶಿಗೆ ಹಾಕಬಹುದು. ಏಕೆಂದರೆ ಒಂದೇ ಡಿಸ್ಕಿನಲ್ಲಿ ಟ್ರ್ಯಾಶಿಗೆ ಹಾಕುವುದು ಅಂದರೆ ಬರೀ ಜಾಗ ಬದಲಿಸುವುದು. ಫೈಲುಗಳು ಸಾಯುವುದಿಲ್ಲ. ಟ್ರ್ಯಾಶ್ ಖಾಲಿ ಮಾಡಲು ಹೋದರೂ ಬೀಗ ಇದ್ದದ್ದು ಉಳಿಯುತ್ತದೆ. ಆದರೆ ಬೆಳಗ್ಗೆ ರೈಟರಿಗೆ ಫೋಲ್ಡರೇ ಕಾಣದಿದ್ದರೆ ಗಾಬರಿ. ಅದಕ್ಕೆ ಇಡೀ ಸಂಗ್ರಹವನ್ನು ಹೋಮ್ ಫೋಲ್ಡರಿನಿಂದ ತೆಗೆದು ಎಸ್‌ಆರ್‌ವಿ ಫೋಲ್ಡರಿನ ಕೆಳಗೆ ಇಟ್ಟೆ. ಅದು ರೂಟ್‌ನದ್ದು, ಎಳೆದಾಡಲು ಬೇರೆಯವರಿಗೆ ಆಗುವುದಿಲ್ಲ. ದಿನನಿತ್ಯದ ಲಾಗಿನ್ನಿಗೆ ಸುಡೋ ಹಕ್ಕನ್ನೂ ತೆಗೆದೆ. ಗುರುತು ಹಾಕುವುದು ತೆಗೆಯುವುದು ರೂಟ್ ಹಕ್ಕಿದ್ದವರಿಗೆ ಮಾತ್ರ ಸಾಧ್ಯ. ಆ ಹಕ್ಕನ್ನು ಎಲ್ಲರಿಗೂ ಕೊಟ್ಟು ಬೀಗ ಹಾಕಿದರೆ ಏನು ಬಂತು?

ಗುರುತು ಇದೆಯಾ ಅಂತ ನೋಡಲು ಎಲ್‌ಎಸ್‌ಆಟರ್ ಕಮಾಂಡ್ ಇದೆ. ಚಾಟರಿನ ಮೊದಲ ಎರಡು ಅಕ್ಷರ ತೆಗೆದು ಎಲ್, ಎಸ್ ಹಾಕಿ. ಸುಮ್ನೆ ಎಲ್‌ಎಸ್ ಹೊಡೆದರೆ ಈ ಗುರುತು ಕಾಣುವುದಿಲ್ಲ. ಅನುಮತಿ ಎಲ್ಲ ಸರಿ ಇದ್ದೂ 'ಆಪರೇಷನ್ ನಾಟ್ ಪರ್ಮಿಟೆಡ್' ಅಂತ ಬಂದರೆ ಮೊದಲು ಎಲ್‌ಎಸ್‌ಆಟರ್ ಹೊಡೆದು ನೋಡಿ.

ಕೆಲವರು ಸಿಸ್ಟಮ್ಮಿನ ಫೈಲುಗಳಿಗೂ ಐ ಹಾಕುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅಪ್‌ಡೇಟ್ ಬಂದಾಗ ಆ ಫೈಲ್ ಬದಲಿಸಲಾಗದೆ ಅರ್ಧಕ್ಕೆ ನಿಲ್ಲುತ್ತದೆ. ಕೆಲಸ ಮುಗಿದ, ಇನ್ನು ಬದಲಾಗಬಾರದ ಫೈಲಿಗೆ ಮಾತ್ರ ಐ ಇರಲಿ.

ಇಷ್ಟೆಲ್ಲ ಮಾಡಿದರೂ ಬ್ಯಾಕಪ್ ಬಿಡುವ ಹಾಗಿಲ್ಲ. ಡಿಸ್ಕನ್ನೇ ಫಾರ್ಮ್ಯಾಟ್ ಮಾಡಿದರೆ ಯಾವ ಗುರುತೂ ತಡೆಯುವುದಿಲ್ಲ. ಮುಂಗಾರಿಗೆ ಮೊದಲಿನ ಸಿಡಿಲಿಗೆ ನಮ್ಮ ಕಡೆ ಏನೇನು ಸುಡುತ್ತದೆ ಅಂತ ಹೇಳಬೇಕಾಗಿಲ್ಲ. ಹೊರಗಿನ ಡಿಸ್ಕಿಗೆ ಆರ್‌ಸಿಂಕ್‌ನಲ್ಲಿ ಕಾಪಿ ಮಾಡುತ್ತೇನೆ. ಕಾಪಿಯ ಜೊತೆ ಈ ಗುರುತುಗಳು ಹೋಗುವುದಿಲ್ಲ. ಅಂಗಡಿಯಿಂದ ತಂದ ಡಿಸ್ಕ್ ಬೇರೊಂದು ಫೈಲ್‌ಸಿಸ್ಟಮ್ ಆದ ಎಕ್ಸ್‌ಫ್ಯಾಟ್‌ನಲ್ಲಿತ್ತು, ಅದರಲ್ಲಿ ಇವು ನಡೆಯುವುದೂ ಇಲ್ಲ. ಎಕ್ಸ್ಟ್4 ಮಾಡಿಕೊಂಡು, ಹಳೆ ಪುಸ್ತಕಗಳ ಕಾಪಿ ಮುಗಿದ ಮೇಲೆ ಅಲ್ಲೂ ಐ ಹಾಕಿದೆ.

ವರ್ಷ ಮುಗಿದಾಗ ಆ ವರ್ಷದ ಫೈಲಿನಿಂದ ಎ ತೆಗೆದು ಐ ಹಾಕುತ್ತೇನೆ, ಹೊಸ ವರ್ಷದ ಖಾಲಿ ಫೈಲಿಗೆ ಎ ಹಾಕುತ್ತೇನೆ. ಈ ಕಮಾಂಡುಗಳನ್ನೂ ರೂಟ್ ಪಾಸ್‌ವರ್ಡನ್ನೂ ಒಂದು ಹಾಳೆಯಲ್ಲಿ ಬರೆದು ತೋಟದ ಪತ್ರಗಳ ಜೊತೆ ಬೀರುವಿನಲ್ಲಿ ಇಟ್ಟಿದ್ದೇನೆ. ಅದು ಎಲ್ಲಿದೆ ಅಂತ ಮನೆಯವರಿಗೆ ಗೊತ್ತು.